ಇಪ್ಪತ್ತಮೂರು ನಿಮಿಷದ ಸಾಕ್ಷಿ

ಕ್ರೈಸ್ತ ಸಭೆಯ ಮುಂದೆ ನಿಂತು ತನ್ನ ಪಾಪ ಹೇಳಿಕೊಳ್ಳುವ ಬಸವಂತನ ಸಾಕ್ಷಿ ಶುರುವಾದಾಗ ನಾಲ್ಕೇ ನಿಮಿಷದ್ದಿತ್ತು. ಎರಡು ವರ್ಷದಲ್ಲಿ ಅದು ಮೈ ತುಂಬಿಕೊಂಡು ಇಪ್ಪತ್ತಮೂರು ನಿಮಿಷಕ್ಕೆ ಬಂದು ನಿಂತಿತ್ತು. ಇಚಲಕರಂಜಿಯ ಸಣ್ಣ ಸಭೆಯ ಗೋಡೆ ಗಡಿಯಾರದ ಕೆಳಗೆ ಕೂತು ಅದನ್ನು ಅಳೆದವಳು ಅವನ ಹೆಂಡತಿ ಸುವರ್ಣಾ. ಗಂಡನ ದನಿ ಎಲ್ಲಿ ಒಡೆಯುತ್ತದೆ, ಕರವಸ್ತ್ರ ಯಾವಾಗ ಹೊರಗೆ ಬರುತ್ತದೆ, ಹಾರ್ಮೋನಿಯಂ ನುಡಿಸುವವನು ಯಾವ ಮಾತಿಗೆ ಮೆಲ್ಲಗೆ ಒಂದು ಸ್ವರ ಹಿಡಿಯುತ್ತಾನೆ, ಎಲ್ಲವೂ ಆಕೆಗೆ ಬಾಯಿಪಾಠ. ಇಪ್ಪತ್ತನೆಯ ನಿಮಿಷಕ್ಕೆ ಅವನು ಕೈ ಚಾಚಿ, "ಆ ಹೆಣ್ಣಮಗಳು ಇಲ್ಲೇ ಕುಂತಾಳ. ಸುವರ್ಣಾ, ಎದ್ದು ನಿಲ್ಲು" ಎನ್ನುತ್ತಾನೆ. ಆಕೆ ಎದ್ದು ನಿಲ್ಲುತ್ತಾಳೆ. "ನಾ ಕ್ಷಮಿಸೇನ್ರಿ" ಎನ್ನುತ್ತಾಳೆ. ಜನ ಹಲ್ಲೆಲೂಯಾ ಎಂದು ಚಪ್ಪಾಳೆ ತಟ್ಟುತ್ತಾರೆ, ಆಕೆ ಕೂಡುತ್ತಾಳೆ. ಪ್ರತಿ ಸಲ ಕೂಡುವಾಗಲೂ ಯಾರೋ ಹೊರಗಿನಿಂದ ಚಿಲಕ ಹಾಕಿದಂತಾಗುತ್ತದೆ. ಉಳಿದ ಮೂರು ನಿಮಿಷ ಪ್ರಾರ್ಥನೆ.

ಈ ಸಾಕ್ಷಿಯಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಆಕೆಯ ಕೆಲಸ ಎಂಥದು ಎಂದು ಮೊದಲು ತಿಳಿಯಬೇಕು.

ಸುವರ್ಣಾ ಗಡಹಿಂಗ್ಲಜ ಹತ್ತಿರದ ಮಹಾಗಾಂವದವಳು. ಸಾಯುವ ಹಾಗಿದ್ದ ಅವಳಜ್ಜ ಮಿಷನ್ ದವಾಖಾನೆಯಲ್ಲಿ ಎದ್ದು ಕೂತು, ಊರಿಗೆ ಬರುವಾಗ ದೀಕ್ಷಾಸ್ನಾನ ತಗೊಂಡೇ ಬಂದಿದ್ದ. ಶಾಲೆ ಮರಾಠಿಯದಾದರೂ ಅಪ್ಪ ಸಾತಪ್ಪ ಮಗಳಿಗೆ ಕನ್ನಡ ಓದು ಕಲಿಸಿದ್ದ, ಯಾಕೆಂದರೆ ಭಾನುವಾರ ಸಂಜೆ ಮನೆಯವರಿಗೆ ವಾಕ್ಯ ಓದಿ ಹೇಳುವವರು ಬೇಕಾಗಿತ್ತು. ಹತ್ತೊಂಬತ್ತಕ್ಕೆ ಬಸವಂತನ ಕೈ ಹಿಡಿದು ಇಚಲಕರಂಜಿಗೆ ಬಂದಳು. ಮೊದಲ ವಾರ ಮಗ್ಗಗಳ ಸದ್ದಿಗೆ ನಿದ್ದೆ ಬರಲಿಲ್ಲ. ಎರಡನೆಯ ವಾರದಿಂದ ಲೈಟು ಹೋಗಿ ಸದ್ದು ನಿಂತರೆ ಎಚ್ಚರಾಗತೊಡಗಿತು.

ಬಸವಂತನದು ಕುಂಥುನಾಥ ಶೇಠರ ಕಾರಖಾನೆಯಲ್ಲಿ ವಹಿಫಣಿ ಕೆಲಸ. ನೂಲು ಸುತ್ತಿದ ದೊಡ್ಡ ಉರುಳೆಗೆ ಅಲ್ಲಿ ಭೀಮ ಎನ್ನುತ್ತಾರೆ. ಹೊಸ ಭೀಮ ಮಗ್ಗಕ್ಕೆ ಏರುವ ಮುಂಚೆ ಅದರ ಒಂದೊಂದು ತಾರನ್ನೂ, ಅಂದರೆ ನೂಲಿನ ಎಳೆಯನ್ನೂ, ವಹಿ ಎಂಬ ಕುಣಿಕೆಗಳ ಸಾಲಿನ ಸಣ್ಣ ಕಣ್ಣಿನಲ್ಲಿ ದಾಟಿಸಿ, ಆಮೇಲೆ ಫಣಿ ಎಂಬ ಬಾಚಣಿಗೆಯ ಹಲ್ಲಿನ ಸಂದಿಯಿಂದ ಎಳೆಯಬೇಕು. ನಾಲ್ಕು ಸಾವಿರ ತಾರು ಇದ್ದರೆ ನಾಲ್ಕು ಸಾವಿರ ಸಲ ಎಳೆಯಬೇಕು. ಇದು ಒಬ್ಬರ ಕೆಲಸವಲ್ಲ. ಚೌಕಟ್ಟಿನ ಹಿಂದೆ ಒಬ್ಬರು ಕೂತು ತಾರು ಬಿಡಿಸಿ ಕೊಡಬೇಕು, ಮುಂದೆ ಇನ್ನೊಬ್ಬರು ಕೂತು ಹುಕ್ಕಿನಿಂದ ಎಳೆದುಕೊಳ್ಳಬೇಕು. ಎದುರುಬದುರು ಕೂತರೂ ನಡುವೆ ವಹಿಯ ಪರದೆ, ಮುಖ ಅರ್ಧಂಬರ್ಧ ಕಾಣುತ್ತದೆ. ಅತ್ತಲಿಂದ ಯಾವ ತಾರು ಬಂತೋ ಅದನ್ನೇ ಎಳೆಯಬೇಕು. ಪ್ರತಿ ತಾರಿಗೂ ಹಿಂದೆ ಬಗ್ಗಿ ನೋಡುತ್ತ ಕೂತರೆ ಒಂದು ದಿನದ ಕೆಲಸ ಮೂರು ದಿನಕ್ಕೂ ಮುಗಿಯುವುದಿಲ್ಲ.

ಬಸವಂತನ ಜೋಡಿದಾರ ಭಿವಂಡಿಗೆ ಹೋದಾಗ, ನಾಲ್ಕು ದಿನದ ಮಟ್ಟಿಗೆಂದು ಅವನು ಹೆಂಡತಿಯನ್ನು ಹುಕ್ಕು ಕೊಟ್ಟು ಮುಂದೆ ಕೂಡಿಸಿದ. ಹೆಂಗಸು ವಹಿಫಣಿಗೆ ಕೂತಳೆಂದು ಕಾರಖಾನೆಯ ಗಂಡಸರು ನಕ್ಕರು. ನಕ್ಕವರಲ್ಲಿ ಮಗ್ಗಗಳ ಉಸ್ತುವಾರಿ ನೋಡುವ ಜಾಬರ್ ಧೋಂಡಿಬಾ ಎಲ್ಲರಿಗಿಂತ ಮುಂದಿದ್ದ. ಒಂದು ವರ್ಷ ಕಳೆಯುವಷ್ಟರಲ್ಲಿ ಅವನೇ, ಅತ್ತಿಗೆಯ ಮರ್ಯಾದೆ ಕೊಟ್ಟು, "ಇದು ವೈನಿ ಎಳೆದ ಭೀಮ ಹೌದಲ್ಲ?" ಎಂದಷ್ಟೇ ಕೇಳಿ, ಕಣ್ಣು ಮುಚ್ಚಿ ಮಗ್ಗಕ್ಕೆ ಏರಿಸತೊಡಗಿದ. ನಾಲ್ಕು ದಿನವೆಂದದ್ದು ಹದಿನಾರು ವರ್ಷವಾಯಿತು. ಸುವರ್ಣಾಳಿಗೆ ತನ್ನ ರೂಪದ ಬಗ್ಗೆ, ಅಡುಗೆಯ ಬಗ್ಗೆ ಅಂಥ ಅಭಿಮಾನವೇನೂ ಇರಲಿಲ್ಲ. ಕಣ್ಣು ಮತ್ತು ಬೆರಳಿನ ಬಗ್ಗೆ ಮಾತ್ರ ಇತ್ತು, ಅದೂ ಸ್ವಲ್ಪ ಜಾಸ್ತಿಯೇ.

ಐದು ವರ್ಷದ ಹಿಂದೆ ಒಂದು ಅಂಗಿಬಟ್ಟೆಯ ಕೆಲಸ ಬಂತು. ಹನ್ನೆರಡು ತಾರು ಹತ್ತಿ, ನಾಲ್ಕು ತಾರು ಪಾಲಿಯೆಸ್ಟರ್, ಮತ್ತೆ ಹನ್ನೆರಡು, ಮತ್ತೆ ನಾಲ್ಕು. ಕಚ್ಚಾ ಇದ್ದಾಗ ಎರಡೂ ಬಿಳಿ. ಬಣ್ಣದಲ್ಲಿ ಅದ್ದಿದ ಮೇಲೇ ಯಾವುದು ಯಾವುದೆಂದು ಗೊತ್ತಾಗುವುದು. ಹಾಗಾಗಿ ಎಣಿಸುವ ಹೊಣೆಯೆಲ್ಲ ಹಿಂದೆ ಕೂತು ಕೊಡುವವನದು. ಬಸವಂತ ಹಿಂದಿನ ದಿನ ಯಾರದೋ ಮದುವೆಯಲ್ಲಿ ಕುಡಿದು ಬಂದಿದ್ದ. ವಹಿಯ ಆಚೆ ಅವನ ತಲೆ ತೂಗುತ್ತಿತ್ತು. ನಡುವೆ ಒಂದು ತಾರು ಸುವರ್ಣಾಳ ಬೆರಳಿಗೆ ನುಣುಪಾಗಿ ಜಾರಿತು.

"ಎಣಿಕಿ ತಪ್ಪಿರೇನು? ಇದು ಹತ್ತಿ ಅಲ್ಲ ಅನಸ್ತದ."

"ತಪ್ಪಿಲ್ಲ. ನೀ ಎಳಿ."

ಆಕೆ ಎಳೆದಳು.

ಬಣ್ಣಕ್ಕೆ ಹೋದ ಮಾಲು ತಿರುಗಿ ಬಂದಾಗ ಬಟ್ಟೆಯ ತುಂಬ ಇರಬಾರದ ಕಡೆ ಬರೆ ಬಿದ್ದಿತ್ತು. ಶೇಠರು ಬಟ್ಟೆಯ ಥಾನನ್ನು ನೆಲದ ಮೇಲೆ ಬಿಡಿಸಿ ಹಾಸಿ, ಎಲ್ಲರನ್ನೂ ಕರೆಸಿ, ಇದು ಯಾರ ಕೈ ಎಂದು ಕೇಳಿದರು. ಸುವರ್ಣಾ ಗಂಡನ ಮುಖ ನೋಡಿದಳು. ಬಸವಂತ ಶೇಠರ ಮುಖ ನೋಡಿದ.

"ನಾ ಬರೋಬರ ಕೊಟ್ಟೇನ್ರಿ ಶೇಠಜೀ. ಆಕಿಗೆ ಈಗೀಗ ಕಣ್ಣ ಸರಿ ಕಾಣವಲ್ಲವು. ಹೇಳಿದ್ರ ಕೇಳೂದಿಲ್ಲ."

ಆಕೆ ಆಗಲೇ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುವವರಿದ್ದಾರೆ. ಗಂಡ ಇಷ್ಟು ಜನರ ಎದುರಿಗೆ ನೆಟ್ಟಗೆ ನಿಂತು ಸುಳ್ಳು ಹೇಳಬಲ್ಲ ಎಂಬುದು ಆಕೆಯ ತಲೆಗೆ ಹೊಳೆಯಲೇ ಇಲ್ಲ. ಅವನು ಹೇಳುವುದು ಸುಳ್ಳಲ್ಲ ಎಂದ ಮೇಲೆ ತನ್ನ ಕಣ್ಣೇ ಹೋಗಿರಬೇಕು. ಹದಿನಾರು ವರ್ಷ ಅವನು ಕೊಟ್ಟ ತಾರನ್ನು ಹೇಗೆ ಎಳೆದಳೋ ಈ ಮಾತನ್ನೂ ಹಾಗೇ ಎಳೆದುಕೊಂಡಳು.

ಆಮೇಲಿನ ಮೂರು ವರ್ಷ ಹೇಳಿದರೆ ಹೊಟ್ಟೆ ಉರಿಯುತ್ತದೆ. ಕಣ್ಣಿನ ಡಾಕ್ಟರು ನಲವತ್ತು ದಾಟಿದವರಿಗೆಲ್ಲ ಬರುವ ಸಣ್ಣ ನಂಬರು, ಹೆದರುವಂಥದ್ದೇನಿಲ್ಲ ಎಂದರು. ಬಸವಂತ ದಪ್ಪ ಚೌಕಟ್ಟಿನ ಕನ್ನಡಕ ಮಾಡಿಸಿಕೊಂಡು ಬಂದು, ಇದನ್ನು ತೆಗೆಯಬೇಡ ಎಂದ. ಸಭೆಯಲ್ಲಿ ಕನ್ನಡ ವಾಕ್ಯ ಓದುವವಳು ಆಕೆಯೇ ಆಗಿದ್ದಳು. ಅದನ್ನೂ ಅವನೇ ಬಿಡಿಸಿದ, ಕಣ್ಣಿಗೆ ತ್ರಾಸಾಗುತ್ತದೆಂದು. ಆಕೆ ಮನೆಯಲ್ಲಿ ಕೂತು ಕಂಡಿಕೆ ಸುತ್ತತೊಡಗಿದಳು. ಲಾಳಿಯೊಳಗಿಡುವ ಸಣ್ಣ ನಳಿಗೆ ನೂಲು ಸುತ್ತುವುದು, ಹತ್ತು ವರ್ಷದ ಹುಡುಗಿಯೂ ಮಾಡಬಲ್ಲ ಕೆಲಸ. ಸಂತೆಗೆ ಹೋದಾಗ ದಾರಿಯಲ್ಲಿ ಧೋಂಡಿಬಾ ಎದುರಾದರೆ ಓಡಿ ಬಂದು ತೋಳು ಹಿಡಿಯುತ್ತಿದ್ದ. "ಸಾವಕಾಶ ವೈನಿ, ಮುಂದ ಗಟಾರ ಅದ." ಅವನದು ಒಳ್ಳೆಯ ಮನಸ್ಸು. ಗಟಾರ ಆಕೆಗೆ ನೂರು ಹೆಜ್ಜೆ ದೂರದಿಂದಲೇ ಕಾಣುತ್ತಿತ್ತು. ಕಾಣುತ್ತಿದೆ ಎಂದು ಹೇಳಲು ಆಕೆಗೇ ಧೈರ್ಯವಿರಲಿಲ್ಲ.

ಈ ನಡುವೆ ಬಸವಂತ ಕುಡಿಯುವುದನ್ನು ಬಿಟ್ಟ. ಅದನ್ನು ಖರೆ ಬಿಟ್ಟ, ಅದರಲ್ಲಿ ಎರಡು ಮಾತಿಲ್ಲ. ಒಂದು ಶುಕ್ರವಾರದ ಸಂಜೆಯ ಕೂಟದಲ್ಲಿ ಪಾಸ್ಟರ್ ಅಮೋಲ, ಮುಚ್ಚಿಟ್ಟ ಪಾಪ ಮನೆಯೊಳಗೇ ಕೊಳೆಯುತ್ತದೆ ಎಂದು ಪ್ರಸಂಗ ಮಾಡುತ್ತಿದ್ದಾಗ ಅವನು ಎದ್ದು ನಿಂತ. ಎಣಿಕೆ ತಪ್ಪಿಸಿದವನು ತಾನು, ಹೆಂಡತಿಯ ಮೇಲೆ ಹಾಕಿದವನು ತಾನು ಎಂದು ನಾಲ್ಕು ನಿಮಿಷದಲ್ಲಿ ಹೇಳಿ ಕುಸಿದು ಕೂತ. ಆ ನಾಲ್ಕು ನಿಮಿಷ ಚೊಕ್ಕ ಇದ್ದವು. ಸುವರ್ಣಾ ಇಂದಿಗೂ ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಅವನು ಕೂತ ಕೂಡಲೇ ಪಾಸ್ಟರ್ ಬಂದು ಆಕೆಯ ಕೈಯಲ್ಲಿ ಮೈಕ್ ಇಟ್ಟರು. "ಅಕ್ಕಾ, ಸ್ವಾಮಿ ಶಿಲುಬಿ ಮ್ಯಾಲಿಂದ ಕ್ಷಮಿಸಿದ. ನೀವ ಏನ ಅಂತೀರಿ?"

ತಪ್ಪಿದ್ದು ಎಣಿಕೆಯಾದರೆ ತನ್ನ ಕಣ್ಣು ನೆಟ್ಟಗಿವೆ ಎಂದು ಆಕೆಗೆ ಗೊತ್ತಾಗಿ ಇನ್ನೂ ಒಂದು ನಿಮಿಷವಾಗಿರಲಿಲ್ಲ. ನಗಬೇಕೆನಿಸಿತ್ತು, ಕಿರುಚಬೇಕೆನಿಸಿತ್ತು, ಹಾಗೇ ಎದ್ದು ಓಡಿ ಧೋಂಡಿಬಾನ ಮನೆಯ ಬಾಗಿಲು ಬಡಿಯಬೇಕೆನಿಸಿತ್ತು. ಕೋಪ ಬರುವುದಕ್ಕಾದರೂ ಮನುಷ್ಯರಿಗೆ ಒಂದು ದಿನ ಬೇಡವೇ? ನಲವತ್ತು ಜನ ಆಕೆಯ ಬಾಯಿಯನ್ನೇ ನೋಡುತ್ತಿದ್ದರು. ಆಕೆ, "ಕ್ಷಮಿಸೇನ್ರಿ" ಎಂದಳು. ಚಪ್ಪಾಳೆ ಬಿದ್ದವು. ಕೆಲವರು ಅತ್ತರು. ಅಲ್ಲಿಗೆ ಆಕೆಯ ಬಾಯಿ ಕಟ್ಟಿಹೋಯಿತು.

ಮನೆಗೆ ಬಂದು ಕನ್ನಡಕ ತೆಗೆದು ಕಪಾಟಿನೊಳಗೆ ಹಾಕಿದಳು. ಮರುದಿನ ಕೋಪ ಬಂತು, ಮೂರು ವರ್ಷದ ಕೋಪ ಒಂದೇ ಸಲಕ್ಕೆ. ಬಂದ ಕೋಪಕ್ಕೆ ಕೂಡಲು ಜಾಗವಿರಲಿಲ್ಲ. ಪಲ್ಯದ ಪಾತ್ರೆ ಸ್ವಲ್ಪ ಜೋರಾಗಿ ಇಟ್ಟರೂ ಬಸವಂತ ಮುಖ ಎತ್ತಿ, "ಯಾಕ, ಕ್ಷಮಿಸಿದಿ ಅಲ್ಲ?" ಎನ್ನುತ್ತಿದ್ದ. ದೇವರ ಮುಂದೆ ಕೊಟ್ಟ ಮಾತನ್ನು ಹಿಂದೆ ತಗೊಂಡ ಹೆಂಗಸು ಎನಿಸಿಕೊಳ್ಳುವುದು ಆಕೆಗೆ ಬೇಕಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದಳು.

"ಕಾರಖಾನಿಯೊಳಗ ಯಾವಾಗ ಹೇಳ್ತೀರಿ?"

"ಅಲ್ಲೇನದ ಹೇಳೂದು? ದೇವ್ರ ಮುಂದ ಹೇಳೇನಿ. ದೇವ್ರಕಿಂತ ಶೇಠ ದೊಡ್ಡಾಂವೇನು?"

"ಸುಳ್ಳ ಹೇಳಿದ್ದ ಅಲ್ಲೆ ಅಲ್ರಿ?"

"ಕೆಲಸ ಹೋದ್ರ ಉಣ್ಣೂದೇನು? ಕ್ಷಮಿಸಿದ ಮ್ಯಾಲ ಲೆಕ್ಕ ಇಡಬಾರ್ದು ಸುವರ್ಣಾ."

ಪಾಸ್ಟರನ್ನು ಕೇಳಿದರೆ ಅವರು ಪಾಪ ಒಳ್ಳೆಯ ಮಾತಿನಲ್ಲೇ, "ಸ್ವಾಮಿ ಮುಚ್ಚಿದ್ದನ್ನ ನಾವ್ಯಾಕ ಕೆದರೂದು ಅಕ್ಕಾ?" ಎಂದರು. ಕಾರಖಾನೆಯವರು ಯಾರೂ ಈ ಸಭೆಗೆ ಬರುವವರಲ್ಲ. ಸಭೆಯಲ್ಲಿ ಆಕೆ ಕ್ಷಮಿಸಿದ ಮಹಾತಾಯಿ, ಕಾರಖಾನೆಯ ಓಣಿಯಲ್ಲಿ ಇನ್ನೂ ಕಣ್ಣು ಹೋದ ಸುವರ್ಣಾ. ಒಮ್ಮೆ ತಾನೇ ಧೋಂಡಿಬಾನಿಗೆ, ಆ ತಪ್ಪು ತನ್ನದಲ್ಲ ಎಂದು ಹೇಳಿ ನೋಡಿದಳು. ಅವನು, "ಹೌದ್ರಿ ವೈನಿ, ಹೌದ್ರಿ" ಎಂದು ಎಳೆ ಮಗುವಿಗೆ ಹೇಳುವ ಹಾಗೆ ಹೇಳಿ, ಗಟಾರ ದಾಟಿಸಿ ಹೋದ. ಮಗಳು ರುತುಜಾ ಮಿರಜದಲ್ಲಿ ನರ್ಸಿಂಗ್ ಓದುತ್ತಿದ್ದಳು. ರಜೆಗೆ ಬಂದವಳು ಅವ್ವನ ಮುಖ ನೋಡಿ, "ಸಭಾದಾಗ ಒಮ್ಮೆ ಕ್ಷಮಿಸೇನಿ ಅಂದ್ರ ಆಮ್ಯಾಗ ಸಿಟ್ಟಿಗೇಳಾಕ ಬರೂದಿಲ್ಲೇನ ಅವ್ವಾ?" ಎಂದಳು. ಸುವರ್ಣಾ ಕಂಡಿಕೆ ಸುತ್ತುತ್ತ ಕೂತಳು.

ಇತ್ತ ಸಾಕ್ಷಿಗೆ ಬೇಡಿಕೆ ಹುಟ್ಟಿತು. ಇವತ್ತು ಜಯಸಿಂಗಪುರ, ನಾಳೆ ಉದಗಾಂವ, ಮುಂದಿನ ವಾರ ಹುಪರಿ. ಎಲ್ಲ ಕಡೆಯೂ ಇಬ್ಬರನ್ನೂ ಕರೆಯುತ್ತಿದ್ದರು. ಹೇಳುವವನು ಇದ್ದು ಎದ್ದು ನಿಲ್ಲುವವಳು ಇಲ್ಲದಿದ್ದರೆ ಹೇಗೆ ನಡೆದೀತು? ಬಸವಂತ ಕೆಟ್ಟವನಲ್ಲ. ಹುಟ್ಟಿದಾಗಿನಿಂದ ಅವನ ಮಾತನ್ನು ಯಾರೂ ಕುರ್ಚಿ ಹಾಕಿಕೊಂಡು ಕೂತು ಕೇಳಿರಲಿಲ್ಲ, ಈಗ ಕೇಳುತ್ತಿದ್ದರು. ಕೇಳುವವರಿಗೆ ಎಲ್ಲಿ ಕಣ್ಣೀರು ಬರುತ್ತದೋ ಅಲ್ಲಿ ಅವನ ಮಾತು ತಾನಾಗೇ ಉದ್ದವಾಗುತ್ತಿತ್ತು.

ಈ ವರ್ಷ ಜನವರಿಯಲ್ಲಿ ಗಡಹಿಂಗ್ಲಜದ ಉಜ್ಜೀವನ ಕೂಟಕ್ಕೆ ಹೋದರು. ಪೆಂಡಾಲಿನಲ್ಲಿ ಮಹಾಗಾಂವದ ಸುವರ್ಣಾಳ ಕಡೆಯವರೂ ಇದ್ದರು. ಹದಿನೇಳನೆಯ ನಿಮಿಷಕ್ಕೆ ಬಸವಂತ ಆಕೆ ಎಂದೂ ಕೇಳದ ಮಾತು ಹೇಳಿದ.

"ನನ್ನ ಪಾಪದಿಂದ ಆಕಿ ಕಣ್ಣ ಮಂದ ಆದ್ವು. ಅತ್ತ ಅತ್ತ ಆದ್ವು. ಇಷ್ಟ ದಪ್ಪ ಚಷ್ಮಾ ಬಂತು. ಆಕಿ ನನ್ನ ಕ್ಷಮಿಸಿದ ದಿನಾನ ಸ್ವಾಮಿ ಆಕಿ ಕಣ್ಣ ತಿರುಗಿ ಕೊಟ್ಟ! ನೋಡ್ರಿ, ಇವತ್ತ ಚಷ್ಮಾ ಎಲ್ಲೆ ಅದ?"

ಪೆಂಡಾಲು ಎದ್ದು ನಿಂತಿತು. ಆಕೆ ಕನ್ನಡಕ ಹಾಕುತ್ತಿದ್ದುದನ್ನು ಕಂಡವರು ಅಲ್ಲಿದ್ದರು, ಈಗ ಹಾಕದ್ದನ್ನೂ ಕಾಣುತ್ತಿದ್ದರು. ಇದಕ್ಕಿಂತ ಸಾಕ್ಷಿ ಏನು ಬೇಕು? "ಸುವರ್ಣಾ, ಎದ್ದು ನಿಲ್ಲು." ಆಕೆಯ ಕಾಲು ರೂಢಿಯಂತೆ ಎದ್ದವು. ಬಾಯಿ ರೂಢಿಯಂತೆ ಹೇಳಿತು.

ಕೂಟ ಮುಗಿದ ಮೇಲೆ ಚನ್ನವ್ವ ಎಂಬ ಮುದುಕಿಯನ್ನು ಸೊಸೆ ಕೈ ಹಿಡಿದು ಕರೆತಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುದುಕಿ ತಡಕಾಡಿ ಸುವರ್ಣಾಳ ಎರಡೂ ಅಂಗೈ ಹುಡುಕಿ ತನ್ನ ಕಣ್ಣ ಮೇಲೆ ಒತ್ತಿಕೊಂಡಳು.

"ನನಗೂ ಒಂದೀಟ ಪ್ರಾರ್ಥನಾ ಮಾಡ ಯವ್ವಾ. ಮೊಮ್ಮಗಳ ಮದವಿ ನೋಡಬೇಕಂತ ಆಸೆ ಅದ."

ಸುವರ್ಣಾ ಪ್ರಾರ್ಥನೆ ಮಾಡಿದಳು. ಇನ್ನೇನು ಮಾಡಿಯಾಳು? ಅಂಗೈ ಕೆಳಗೆ ಮುದುಕಿಯ ಕಣ್ಣೀರು ಬೆಚ್ಚಗೆ ಹರಿಯಿತು. ಆಮೆನ್ ಎಂದ ಮೇಲೆ ಬಗ್ಗಿ, "ದವಾಖಾನಿಗೆ ಹೋಗ್ರಿ ಯವ್ವಾ. ಪೊರಿ ತಗದ್ರ ಚೊಲೋ ಕಾಣಸ್ತದ" ಎಂದಳು.

"ನಿನಗ ಸ್ವಾಮಿ ಹಂಗ ಕೊಟ್ಟಾನ. ನನಗ್ಯಾಕ ಆಪರೇಶನ್ ಯವ್ವಾ?" ಎಂದಿತು ಮುದುಕಿ, ಬೇಜಾರಿನಿಂದ.

ತಿರುಗಿ ಬರುವ ಬಸ್ಸಿನಲ್ಲಿ ಸುವರ್ಣಾ ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು. "ನನ್ನ ಕಣ್ಣ ಯಾವಾಗ ಹೋಗಿದ್ದವ್ರಿ?"

"ಮಂದಿ ವಿಶ್ವಾಸ ಬೆಳೀತದ. ಅದರಾಗೇನ ಕೆಟ್ಟ ಅದ?"

"ಒಮ್ಮೆ ಶೇಠನ ಮುಂದ ಕಳದ್ರಿ. ಈಗ ದೇವ್ರ ಹೆಸರ್ಲೆ ಕಳದ್ರಿ. ಆ ಮುದುಕಿ ದವಾಖಾನಿಗೆ ಹೋಗ್ಲಿಲ್ಲಂದ್ರ ಆಕಿ ಕಣ್ಣೂ ನೀವ ಕಳದಂಗ."

ಆಕೆಯ ಒಳಗೆ ಎಲ್ಲ ಕಡೆಯಿಂದ ಗೋಡೆ ಮುಂದೆ ಮುಂದೆ ಬರುತ್ತಿತ್ತು. ಖರೆ ಹೇಳಿದರೆ ದೇವರ ಅದ್ಭುತ ಸುಳ್ಳಾಗುತ್ತದೆ. ಹೇಳದಿದ್ದರೆ ತನ್ನ ಕಣ್ಣು ಎಂದೋ ಹೋಗಿದ್ದವೆಂದು ಎರಡೂ ಕಡೆಯ ಜನ ನಂಬುತ್ತಾರೆ, ಕಾರಖಾನೆಯವರೂ ಸಭೆಯವರೂ. ಹಾಗೆ ನೋಡಿದರೆ ಡಾಕ್ಟರನ್ನು ಬಿಟ್ಟರೆ ಇಚಲಕರಂಜಿಯಲ್ಲಿ ಆಕೆಯ ಕಣ್ಣು ನೆಟ್ಟಗಿದ್ದವೆಂದು ಬಲ್ಲವರು ಇಬ್ಬರೇ, ಒಬ್ಬಳು ತಾನು, ಇನ್ನೊಬ್ಬ ಬಸವಂತ.

ಮೂರು ವಾರಕ್ಕೆ ಕೊಲ್ಲಾಪುರದ ದೊಡ್ಡ ಸಭೆ. ಪಾಸ್ಟರ್ ಅಮೋಲ ತಾವೇ ಮುಂದಾಗಿ ಕರೆದೊಯ್ದಿದ್ದರು. ಆ ದಿನವೂ ಹದಿನೇಳನೆಯ ನಿಮಿಷಕ್ಕೆ ಕಣ್ಣು ಹೋಯಿತು, ಹತ್ತೊಂಬತ್ತಕ್ಕೆ ತಿರುಗಿ ಬಂತು. ಇಪ್ಪತ್ತಕ್ಕೆ ಬಸವಂತ ಕೈ ಚಾಚಿದ.

"ಸುವರ್ಣಾ, ಎದ್ದು ನಿಲ್ಲು."

ಆಕೆ ಏಳಲಿಲ್ಲ. ಹಾರ್ಮೋನಿಯಮ್ಮಿನವನು ಹಿಡಿದ ಸ್ವರ ಹಿಡಿದೇ ಕೂತ. ಜನ ತಿರುಗಿ ನೋಡಿದರು. ಪಕ್ಕದವಳು ಮೊಣಕೈಯಿಂದ ತಿವಿದಳು. ಬಸವಂತ ಇನ್ನೊಮ್ಮೆ ಕರೆದ. ಆಕೆ ತನ್ನ ಕಾಲಬೆರಳು ನೋಡುತ್ತ ಕೂತಳು. ಕಾಲು ಎದ್ದುಬಿಟ್ಟಾವೆಂದು ಎರಡೂ ಕೈಯಿಂದ ಮೊಣಕಾಲು ಒತ್ತಿ ಹಿಡಿದಿದ್ದಳು.

ಆಗ ಬಸವಂತ ದನಿ ತಗ್ಗಿಸಿ, "ಆನಂದದಿಂದ ಆಕಿಗೆ ಏಳಾಕ ಆಗವಲ್ಲದು" ಎಂದ.

ಚಪ್ಪಾಳೆ ಬಿದ್ದವು! ಆಕೆ ಕೂತದ್ದೂ ಸಾಕ್ಷಿಯೊಳಗೆ ಸೇರಿಹೋಯಿತು. ಆವಾಗ ಸುವರ್ಣಾ ಎದ್ದಳು, ಎದ್ದು ಕುರ್ಚಿಗಳ ನಡುವಿನ ದಾರಿ ಹಿಡಿದು ಯಾರನ್ನೂ ನೋಡದೆ ಹೊರಗೆ ನಡೆದಳು.

ಪಾಸ್ಟರ್ ಹಿಂದೆಯೇ ಪಡಸಾಲೆಗೆ ಬಂದರು. ಮುಖ ಬಿಳಿಚಿತ್ತು. "ಏನಾತ ಅಕ್ಕಾ? ಕ್ಷಮಿಸಿದ್ದನ್ನ ತಿರುಗಿ ತಗೊಂಡ್ರೇನು?"

"ಇಲ್ರಿ ಪಾಸ್ಟರ್. ಅದನ್ನ ತಗೊಳ್ಳೂದಿಲ್ಲ. ಬಾಯಾಗ ಮೊದಲ ಬಂತು, ಎದಿಗೆ ಇನ್ನೂ ಬರಾಕತ್ತೇದ, ಬರ್ಲಿ. ಆದ್ರ ಅವರ ಮಾತ ನಂಬತೇನಿ ಅಂತ ನಾ ಯಾವಾಗ ಹೇಳೇನಿ? ನೀವೆಲ್ಲಾರೂ ಎರಡೂ ಒಂದ ಅಂತ ತಿ‍ಳಕೊಂಡ್ರಿ." ಆಕೆ ಅಷ್ಟಕ್ಕೇ ನಿಲ್ಲಿಸಲಿಲ್ಲ. "ನನ್ನ ಕಣ್ಣ ಎಂದೂ ಹೋಗಿರ್ಲಿಲ್ಲ. ಆ ಚಷ್ಮಾ ಅವರ ತಂದ ಹಾಕಿದ್ದು. ಕಾಣಿಕಿ ಹಿಡಕೊಂಡ ಬಂದಾಂವಗ, ಅದನ್ನ ಅಲ್ಲೇ ಬಿಟ್ಟ ಮೊದಲ ಹೋಗಿ ನೀ ಅನ್ಯಾಯ ಮಾಡಿದವರ ಜೋಡಿ ಸರಿ ಮಾಡಕೊಂಡ ಬಾ ಅಂತ ಸ್ವಾಮಿನ ಹೇಳ್ಯಾನಲ್ರಿ? ಇವರ ಸಾಕ್ಷಿನೂ ಕಾಣಿಕಿನ. ಸುಳ್ಳ ಹೇಳಿದ ಜಾಗಾದಾಗ ಹೋಗಿ ಖರೆ ಹೇಳಿ ಬರ್ಲಿ. ಅಲ್ಲೀತನಾ ನಾ ಎಲ್ಲೂ ಎದ್ದ ನಿಂದ್ರೂದಿಲ್ಲ."

ಪಾಸ್ಟರ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರಿಗೆ ಮೂವತ್ತೈದೂ ದಾಟಿರಲಿಲ್ಲ. ಆ ಕಣ್ಣಿನ ಅದ್ಭುತವನ್ನು ಅವರೂ ಎರಡು ಕಡೆ ಪ್ರಸಂಗದಲ್ಲಿ ಹೇಳಿಯಾಗಿತ್ತು. "ನಿಮ್ಮ ಕೈಯಾಗ ಮೈಕ್ ಇಟ್ಟಾಂವ ನಾ ಅಕ್ಕಾ. ಅವತ್ತ ನಿಮ್ಮನ್ನ ಮನಿಗೆ ಹೋಗಿ ಅಳಾಕರೆ ಬಿಡಬೇಕಿತ್ತು" ಎಂದರು. ಬಸವಂತ ಹೊರಗೆ ಬಂದಾಗ ಅವನಿಗೆ ಹೇಳಿದ್ದು ಇಷ್ಟೇ. ಕಾರಖಾನೆಯಲ್ಲಿ ಹೇಳಿ ಬರುವತನಕ ಯಾವ ಸಭೆಯಲ್ಲೂ ಮೈಕ್ ಇಲ್ಲ. ಗಡಹಿಂಗ್ಲಜಕ್ಕೆ ಹೋಗಿ ಆ ಮುದುಕಿಗೆ ಖರೆ ಹೇಳಿ ದವಾಖಾನೆಗೆ ಕರೆದೊಯ್ಯುವ ಕೆಲಸ ಪಾಸ್ಟರ್ ತಾವೇ ತಗೊಂಡರು.

ಎಂಟು ದಿನ ಹಾಗೇ ಕಳೆದವು. ಸಾವಿರ ಜನರ ಮುಂದೆ ಅತ್ತವನಿಗೆ ಇಪ್ಪತ್ತು ಜನರ ಮುಂದೆ ಬಾಯಿ ತೆರೆಯಲು ಧೈರ್ಯ ಬರುತ್ತಿರಲಿಲ್ಲ. ಆ ಇಪ್ಪತ್ತು ಜನ ಅವನ ಜೊತೆ ದಿನಾ ಚಹಾ ಕುಡಿಯುವವರು, ನಾಳೆಯೂ ಅವರ ಮುಖವನ್ನೇ ನೋಡಬೇಕು. ಅವನು ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದ. ಆಕೆಗೆ ಮರುಕ ಬರುತ್ತಿತ್ತು, ಮರುಕ ಬಂದದ್ದಕ್ಕೆ ಸಿಟ್ಟೂ ಬರುತ್ತಿತ್ತು. ಒಂಬತ್ತನೆಯ ದಿನ ಮುಂಜಾನೆ ಅವನು ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ನಡಿ" ಎಂದ. ಆಕೆ ಕಂಡಿಕೆಯ ಚಕ್ರ ಹಾಗೇ ಬಿಟ್ಟು ಎದ್ದಳು.

ಕಾರಖಾನೆಯಲ್ಲಿ ಇಪ್ಪತ್ನಾಲ್ಕು ಮಗ್ಗ ನಡೆದಿದ್ದವು. ಆಕೆ ಐದು ವರ್ಷದ ಮೇಲೆ ಆ ಹೊಸ್ತಿಲಿಗೆ ಬಂದು ನಿಂತಿದ್ದಳು. ಬಸವಂತ ನಡುವಿನ ಓಣಿಯಲ್ಲಿ ನಿಂತು, ಕೂಟದಲ್ಲಿ ಮಾಡುವ ಹಾಗೆ ಎರಡೂ ಕೈ ಎತ್ತಿ ಏನೋ ಕೂಗಿದ. ಒಬ್ಬರಿಗೂ ಕೇಳಲಿಲ್ಲ. ಆ ಸದ್ದಿನಲ್ಲಿ ಮೈಕ್ ಇದ್ದರೂ ಕೇಳುತ್ತಿರಲಿಲ್ಲ. ಒಬ್ಬ ನೇಕಾರ ಅವನ ಎತ್ತಿದ ಕೈ ನೋಡಿ, ಮೇಲೆ ಏನಾದರೂ ಬೆಂಕಿ ಹತ್ತಿತೇ ಎಂದು ಛಾವಣಿ ನೋಡಿದ. ಮಗ್ಗದ ಮನೆಯಲ್ಲಿ ಯಾರಿಗಾದರೂ ಏನಾದರೂ ಹೇಳಬೇಕೆಂದರೆ ಒಂದೇ ದಾರಿ. ಹತ್ತಿರ ಹೋಗಿ ಕಿವಿಗೆ ಬಾಯಿ ಹಚ್ಚಿ ಹೇಳಬೇಕು.

ಬಸವಂತನ ಕೈ ಕೆಳಗಿಳಿದವು. ಅವನು ಒಮ್ಮೆ ಬಾಗಿಲ ಕಡೆ ನೋಡಿದ. ಓಡಿ ಹೋಗುತ್ತಾನೆ ಎಂದುಕೊಂಡಳು ಸುವರ್ಣಾ. ಅವನು ಧೋಂಡಿಬಾನ ಹತ್ತಿರ ಹೋಗಿ, ಭುಜ ಹಿಡಿದು, ಕಿವಿಯಲ್ಲಿ ಹೇಳಿದ.

ಮಾತು ಆಕೆಗೆ ಕೇಳಲಿಲ್ಲ, ಧೋಂಡಿಬಾನ ಮುಖ ಕಂಡಿತು. ಅವನು ಬಸವಂತನನ್ನು ನೋಡಿದ, ತಿರುಗಿ ಬಾಗಿಲಲ್ಲಿದ್ದ ಆಕೆಯನ್ನು ನೋಡಿದ, ಆಮೇಲೆ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿದ. ಬಸವಂತ ಮುಂದಿನ ಮಗ್ಗಕ್ಕೆ ಹೋದ, ಅಲ್ಲಿಂದ ಅದರ ಮುಂದಿನದಕ್ಕೆ. ಹಾರ್ಮೋನಿಯಂ ಇರಲಿಲ್ಲ, ಚಪ್ಪಾಳೆ ಇರಲಿಲ್ಲ. ಒಬ್ಬ ನಕ್ಕ. ಒಬ್ಬ ಕಡಿದ ತಾರಿಗೆ ಗಂಟು ಹಾಕುತ್ತಿದ್ದವನು ತಿಳಿಯಲಿಲ್ಲವೆಂದು ಎರಡು ಸಲ ಹೇಳಿಸಿದ. ಇನ್ನೊಬ್ಬ ಏನೋ ಅಂದ, ಬಸವಂತನ ಮುಖ ಹೊಡೆಸಿಕೊಂಡಂತಾಯಿತು. ಮೊದಲ ಕಿವಿಯಲ್ಲಿ ಅರ್ಧ ನಿಮಿಷ ಹಿಡಿದಿತ್ತು. ಹತ್ತನೆಯ ಕಿವಿಗೆ ಬರುವಷ್ಟರಲ್ಲಿ ಬಗ್ಗಿ ಏಳುವಷ್ಟೇ ಹೊತ್ತು ಸಾಕಾಗುತ್ತಿತ್ತು. ಕಡೆಗೆ ಮೂಲೆಯಲ್ಲಿ ಕಂಡಿಕೆ ಸುತ್ತುವ ಹಾಲವ್ವನ ಕಿವಿಯಲ್ಲೂ ಹೇಳಿದ. ಆ ಹೆಂಗಸು ಕೆಲಸ ಬಿಟ್ಟು ಎದ್ದು ಬಂದು ಸುವರ್ಣಾಳ ಕೈ ಹಿಡಿದು ನಿಂತಳು.

ಕುಂಥುನಾಥ ಶೇಠರ ಗಾಜಿನ ಕೋಣೆಯೊಳಗೆ ಮಾತ್ರ ಮಾತು ಕೇಳುತ್ತದೆ. ಶೇಠರು ಪೂರ್ತಿ ಕೇಳಿದರು. "ಐದ ವರ್ಷ ನನಗ ಖೋಟಂ, ಸುಳ್ಳ ಹೇಳಿದ್ಯಾ?" ಎಂದರು ಬಸವಂತನಿಗೆ. "ನಿಂದ ಆಮ್ಯಾಗ ನೋಡತೇನಿ." ತಿರುಗಿ ಸುವರ್ಣಾಳಿಗೆ, "ಸುವರ್ಣಾಬಾಯಿ, ಅವತ್ತ ನಾ ನಿಮ್ಮನ್ನೂ ಕೇಳಬೇಕಿತ್ತು. ಅದು ನನ್ನ ತಪ್ಪು, ನನ್ನ ಚೂಕ. ನಾಳಿಂದ ಭೀಮದ ಮುಂದ ಕುಂದ್ರತೀರೇನು?" ಎಂದರು.

"ಕುಂದ್ರತೇನ್ರಿ ಶೇಠಜೀ. ತಾರ ಕೊಡಾಕ ಹಾಲವ್ವನ್ನ ಕೊಡ್ರಿ. ನಾ ಕಲಸ್ತೇನಿ."

ಬಸವಂತ ಆಕೆಯ ಮುಖ ನೋಡಿದ. "ನಾನು?"

"ನೀವ ಸದ್ಯಕ್ಕ ಬ್ಯಾಡ."

"ಎಷ್ಟ ದಿನಾ?"

ಆಕೆಗೆ ಸೇಡಿನ ಮಾತು ಆಡಬೇಕೆಂದಿರಲಿಲ್ಲ, ಸುಳ್ಳು ಸಮಾಧಾನ ಹೇಳಲೂ ಬಾಯಿ ಬರಲಿಲ್ಲ. "ನನಗೂ ಗೊತ್ತಿಲ್ರಿ" ಎಂದಳು.

ಇಬ್ಬರೂ ಮಗ್ಗಗಳ ನಡುವಿನ ಓಣಿಯಿಂದ ಹೊರಗೆ ಹೊರಟರು. ಬಸವಂತ ಮುಂದೆ, ಆಕೆ ಹಿಂದೆ. ಬಾಗಿಲಿಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ ಅವನು ನಿಂತ. ಸಭೆಗೆ ಹೇಳಿದ್ದ, ಊರೂರಿಗೆ ಹೇಳಿದ್ದ, ಈಗ ಕಾರಖಾನೆಗೂ ಹೇಳಿದ್ದ. ಐದು ವರ್ಷದಲ್ಲಿ ಒಂದು ಸಲವೂ ಅದನ್ನು ಆಕೆಗೆ ಹೇಳಿರಲಿಲ್ಲ. ಅದು ಅವನಿಗೆ ಆಗಲೇ ಹೊಳೆದಿರಬೇಕು. ತಿರುಗಿ ಬಂದು ಅಳುಕುತ್ತ ಬಗ್ಗಿ, ಆಕೆಯ ಕಿವಿಗೆ ಬಾಯಿ ಹಚ್ಚಿದ.

"ತಪ್ಪು ನಂದ ಸುವರ್ಣಾ. ನೀ ಕೇಳಿದ್ದಿ, ನಾ ಸುಳ್ಳ ಹೇಳಿದೆ. ನಿನ್ನ ಕಣ್ಣ ಎಂದೂ ತಪ್ಪಿಲ್ಲ."

ಆಕೆಗೆ ಒಂದಕ್ಷರ ಬಿಡದೆ ಕೇಳಿಸಿತು. ಸುತ್ತ ಇಪ್ಪತ್ನಾಲ್ಕು ಮಗ್ಗ ಬಡಿಯುತ್ತಿದ್ದವು. ಆಕೆ ಕಣ್ಣೊರೆಸಿಕೊಂಡು, ಅವನ ಭುಜ ಹಿಡಿದು ಬಗ್ಗಿಸಿ, ಅವನ ಕಿವಿಗೆ ಬಾಯಿ ಹಚ್ಚಿದಳು.

"ಕೇಳಸ್ಲಿಲ್ರಿ. ಇನ್ನೊಮ್ಮೆ ಹೇಳ್ರಿ."